ಬರೀ ನಂಬರ್ ತಾನೇ...

ಇವತ್ತು ಒಂದು ಹಳೇ ತಪ್ಪನ್ನ ಹೇಳಿಕೊಂಡುಬಿಡ್ತೀನಿ.

ಬೆಂಗಳೂರಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಬೋರ್ಡ್ ಕೆಲಸಗಳ ಉಸ್ತುವಾರಿ ನನ್ನದು. ಅಳತೆ ತರೋದು, ಡಿಸೈನ್ ಮಾಡಿಸೋದು, ಗಿರಾಕಿಯ ಒಪ್ಪಿಗೆ ತಗೊಳ್ಳೋದು, ಫಿಟ್ಟಿಂಗ್ ಮುಗಿಸಿ ದುಡ್ಡು ವಸೂಲಿ ಮಾಡೋದು.

2024ರ ಫೆಬ್ರವರಿ ನೆನಪಿದೆಯಲ್ಲ? ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಂತ ಆಗಿನ ಬಿಬಿಎಂಪಿ 28ನೇ ತಾರೀಖಿನ ಗಡುವು ಕೊಟ್ಟಿತ್ತು. ನಮಗೆ ನಿದ್ದೆಯೇ ಇಲ್ಲ. ಒಬ್ಬರು ಬಟ್ಟೆ ಅಂಗಡಿಯವರದು 20 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡು, ಎಸಿಪಿ ಶೀಟ್ ಮೇಲೆ ವಿನೈಲ್. ಅವರಿಗೆ ಕನ್ನಡ ಓದೋಕೆ ಬರಲ್ಲ. ಪ್ರೂಫ್ ಕಳಿಸಿದೆ, "ಓಕೆ" ಅಂದ್ರು. ರಾತ್ರಿ ಒಂಬತ್ತಕ್ಕೆ ಫೋನು: "ಮೊಬೈಲ್ ನಂಬರ್ ಒಂದು ಬದಲಾಯಿಸಿ ಸಾರ್."

ಬರೀ ನಂಬರ್ ತಾನೇ! ಆಪರೇಟರ್ ಹುಡುಗ, "ಅಣ್ಣಾ, ಇನ್ನೊಂದ್ಸಲ ಪ್ರೂಫ್ ಕಳಿಸ್ಲಾ?" ಅಂದ. "ಬೇಡ, ಪ್ರಿಂಟ್ ಕೊಡು" ಅಂದೆ.

ಅವನು ಫೈಲ್ ತೆರೆದದ್ದು ಮೂಲೆಯ ಹಳೇ ಕಂಪ್ಯೂಟರಿನಲ್ಲಿ. ಅದರ ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಒತ್ತಕ್ಷರ ಕೂಡಿಸೋಕೆ ಬರಲ್ಲ. ಅಕ್ಷರಗಳನ್ನ 'ಕರ್ವ್' ಮಾಡಿಟ್ಟಿದ್ದರೆ ಬರೀ ಚಿತ್ರದ ಹಾಗೆ ಉಳಿದಿರ್ತಿದ್ದವು. ಮಾಡಿರಲಿಲ್ಲ. ರಾತ್ರೋರಾತ್ರಿ ಬೋರ್ಡ್ ಏರಿತು.

ಬೆಳಿಗ್ಗೆ ಅಂಗಡಿ ಮುಂದೆ ಹೂ ಮಾರೋ ಅಮ್ಮ ಮೇಲೆ ನೋಡಿ ಕೇಳಿದರು, "ಏನಣ್ಣಾ, ನಿಮ್ ಬೋರ್ಡಿಗೆ ತೊದಲು ಬಂದೈತಾ?"

'ವಸ್ತ್ರ' ಇದ್ದದ್ದು 'ವಸ್‌ತ್‌ರ' ಆಗಿತ್ತು. ಎರಡಡಿ ಎತ್ತರದ ಅಕ್ಷರದಲ್ಲಿ!

80 ಚದರಡಿ ವಿನೈಲ್ ಕಿತ್ತು ಮತ್ತೆ ಹಾಕಬೇಕು. ನಮ್ಮ ಸಾಹುಕಾರರು "ಆ ಹುಡುಗನ ಸಂಬಳದಲ್ಲಿ ಹಿಡೀತೀನಿ" ಅಂದ್ರು. ಅವನು ನನ್ನ ಮುಖ ನೋಡಿದ. ನಾನು... ಸುಮ್ಮನೆ ನಿಂತಿದ್ದೆ. ಸಂಜೆವರೆಗೂ ಬಾಯಿ ಬರಲಿಲ್ಲ. ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಹೋಗಿ, "ಪ್ರೂಫ್ ಬೇಡ ಅಂದಿದ್ದು ನಾನು" ಅಂದೆ. ಮೂರು ತಿಂಗಳು ನನ್ನ ಸಂಬಳದಲ್ಲೇ ಕಟ್ಟಾಯ್ತು. ಹುಡುಗ ಏನೂ ಅನ್ನಲಿಲ್ಲ, ಮಾರನೇ ದಿನ ಒಂದು ಟೀ ತಂದಿಟ್ಟ. ಆ ಟೀ ಗಂಟಲಲ್ಲಿ ಇಳೀಲಿಲ್ಲ.

ಈಗ ಒಂದು ಚುಕ್ಕೆ ಬದಲಾದರೂ ಹೊಸ ಪ್ರೂಫ್. ಗಿರಾಕಿಗೆ ಕನ್ನಡ ಬರದಿದ್ದರೆ ಓದೋಕೆ ಬರೋ ಒಬ್ಬರ ಕೈಲಿ ಜೋರಾಗಿ ಓದಿಸ್ತೀವಿ. ಮೊನ್ನೆ ಆ ಹೂವಿನಮ್ಮನ ಕೈಲೇ ಓದಿಸಿದೆ :)

ನಿಮ್ಮ ಬೀದಿಯಲ್ಲೂ ತೊದಲೋ ಬೋರ್ಡ್ ಇರಬೇಕಲ್ಲ? ಕಂಡರೆ ಬೈಕೊಳ್ಳೋ ಮುಂಚೆ ಅಂಗಡಿಯವರಿಗೆ ಒಂದು ಮಾತು ಹೇಳಿ. ಅವರಿಗೆ ಗೊತ್ತೇ ಇರಲ್ಲ.