ಡೇರಿ ಪುಸ್ತಕ

ಬೆಳಿಗ್ಗೆ ಆರು ಗಂಟೆ. ತಿಪಟೂರಿನ ಪಕ್ಕದ ನಮ್ಮೂರು. ಬೀದಿಯಲ್ಲಿ ಡೇರಿಗೆ ಹೊರಟವರ ಕ್ಯಾನುಗಳ ಸದ್ದು. ಅಮ್ಮ ಮಂಚದ ಅಂಚಿಗೆ ಸರಿದು ಕೂತಿದ್ದಾಳೆ. ಮುಂದೆ ಗುಂಡಿ ಇರುವ ನೈಟಿ, ಕೊರಳಿಂದ ಇಳಿಬಿದ್ದ ಬಟ್ಟೆ ಚೀಲ. ಹಳೇ ಸೀರೆ ಹರಿದು ನಾನೇ ಹೊಲಿದದ್ದು. ಅದರೊಳಗೆ ಎರಡು ಡ್ರೈನ್ ಡಬ್ಬಿ: ಒಂದನೇ ನಂಬರಿನದು ಎದೆಯದು, ಎರಡನೆಯದು ಕಂಕುಳದ್ದು. ಎಡಸ್ತನ ತೆಗೆದು ಇವತ್ತಿಗೆ ಆರು ದಿನ.

ಸೋಪು ಹಚ್ಚಿ ಕೈ ತೊಳೆದು ಬರುತ್ತೇನೆ. ಮನೆಗೆ ಬಂದ ದಿನ ಅಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಈಗ ಗುಂಡಿ ತಾನೇ ಬಿಚ್ಚುತ್ತಾಳೆ. ಪಕ್ಕೆಯಲ್ಲಿ ಟ್ಯೂಬು ಹೊರಬರುವ ಜಾಗದಲ್ಲಿ ಕರಿ ದಾರದ ಹೊಲಿಗೆ. ಕೆಂಪಗಾಗಿಲ್ಲ, ಕೀವಿಲ್ಲ. ಹಣೆ ಮುಟ್ಟಿ ನೋಡುತ್ತೇನೆ, ಜ್ವರವೂ ಇಲ್ಲ.

ಟ್ಯೂಬಿನೊಳಗೆ ಹುಣಸೆ ನಾರಿನಂಥ ಕಪ್ಪು ಹೆಪ್ಪು ಸಿಕ್ಕಿಕೊಂಡಿದೆ. ಅದನ್ನು ಕೆಳಗಿಳಿಸಬೇಕು. ನಾನು ಎಳೆದ ರಭಸಕ್ಕೆ ಅಮ್ಮ ಹಲ್ಲು ಕಚ್ಚುತ್ತಾಳೆ.

“ಹಂಗಲ್ಲ ಮಗಾ. ಮೇಲೆ ಒಂದು ಕೈಲಿ ಬಿಗಿಯಾಗಿ ಹಿಡ್ಕೊ, ಹೊಲಿಗೆ ಎಳೀಬಾರದು. ಇನ್ನೊಂದು ಕೈಯ ಬೆರಳು ಒತ್ಕೊಂಡೇ ಕೆಳಕ್ಕೆ ಬಾ. ಹಾಲು ಕರಿಯೋ ಥರ.”

ನಲವತ್ತು ವರ್ಷ ಹಸು ಕರೆದವಳು. ಅವಳು ಹೇಳಿದಂತೆ ಬೆರಳಿಗೆ ಸ್ಪಿರಿಟ್ ಸವರಿಕೊಂಡು ಜಾರಿಸುತ್ತೇನೆ. ಹೆಪ್ಪು ತಡವರಿಸಿ, ಜಾರಿ, ಡಬ್ಬಿಗೆ ಬೀಳುತ್ತದೆ. ಹಿಂದೆಯೇ ತಿಳಿ ಗುಲಾಬಿ ನೀರು ಹರಿಯುತ್ತದೆ. ವಾರ್ಡಿನ ಸಿಸ್ಟರ್ ಎರಡು ಸಲ ತೋರಿಸಿಕೊಟ್ಟರೂ ನನ್ನ ಕೈಗೆ ಬಾರದ್ದು ಅಮ್ಮನ ಒಂದು ಮಾತಿಗೆ ಬಂತು.

ಕ್ಲಾಂಪ್ ಹಾಕಿ, ಮುಚ್ಚಳ ತೆಗೆದು, ಅಳತೆ ಲೋಟಕ್ಕೆ ಬಗ್ಗಿಸುತ್ತೇನೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಎದೆಯದು 20 ಎಂ.ಎಲ್., ಕಂಕುಳದ್ದು 50. ಡಬ್ಬಿಯನ್ನು ಅಂಗೈಯಲ್ಲಿ ಪೂರ್ತಿ ಒತ್ತಿ, ಒತ್ತಿದಂತೆಯೇ ಮುಚ್ಚಳ ಬಿಗಿದು, ಆಮೇಲೆ ಕ್ಲಾಂಪ್ ಬಿಡುತ್ತೇನೆ. ಡಬ್ಬಿ ನಿಧಾನ ಮೇಲೇಳುತ್ತಾ ಹೀರತೊಡಗುತ್ತದೆ. “ಆಚಾರ್ರ ಕುಲುಮೆ ತಿದಿ ಇದ್ದಂಗೈತೆ” ಅನ್ನುತ್ತಾಳೆ ಅಮ್ಮ.

ಆ ಹೀರುವಿಕೆಯೇ ಇದರ ಜೀವ. ಸ್ತನ ತೆಗೆದ ಮೇಲೆ ಚರ್ಮಕ್ಕೂ ಅಡಿಯ ಮಾಂಸಕ್ಕೂ ನಡುವೆ ಪೊಳ್ಳು ಉಳಿಯುತ್ತದೆ. ಕಂಕುಳಿನ ಗಂಟುಗಳ ಜೊತೆ ದುಗ್ಧರಸದ ನಾಳಗಳೂ ಕತ್ತರಿಸಿ ಹೋಗಿರುತ್ತವೆ. ಒಸರಿದ್ದು ಅಲ್ಲೇ ನಿಂತರೆ ಬಾವು, ಸೋಂಕು. ಹೀರುತ್ತಿದ್ದರೆ ಚರ್ಮ ಕೆಳಗೆ ಅಂಟಿಕೊಂಡು ಮಾಯುತ್ತದೆ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಮೂರನೇ ರಾತ್ರಿ. ಎರಡು ಗಂಟೆಗೆ ಟಾರ್ಚ್ ಬಿಟ್ಟು ನೋಡಿದರೆ ಕಂಕುಳಿನ ಡಬ್ಬಿ ಉಬ್ಬಿ ನಿಂತಿದೆ, ಒಳಗೆ ಬರೀ ಗಾಳಿ. ನಾನೇ ಮುಚ್ಚಳ ಸರಿಯಾಗಿ ಒತ್ತಿರಲಿಲ್ಲ. ನಡುಗುವ ಕೈಯಲ್ಲಿ ವಾರ್ಡಿಗೆ ಫೋನು. “ಗಾಬರಿ ಬೇಡಮ್ಮ. ಕ್ಲಾಂಪ್ ಹಾಕಿ, ಗಾಳಿ ತೆಗೆದು, ಒತ್ತಿ ಮುಚ್ಚಿ” ಎಂದರು ಸಿಸ್ಟರ್. ಒತ್ತಿ ಮುಚ್ಚಿದೆ. ಟ್ಯೂಬಿನಲ್ಲಿ ಮತ್ತೆ ನೀರು ಕಾಣಿಸುವವರೆಗೆ ನಾವಿಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು.

ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಬಣ್ಣ, ಅಳತೆ ಬರೆಯುತ್ತೇನೆ. ಅಮ್ಮನಿಗೆ ಅದು ಡೇರಿ ಪುಸ್ತಕ. ದಿನದ ಲೆಕ್ಕ 30 ಎಂ.ಎಲ್.ಗಿಂತ ಕೆಳಗೆ ಎರಡು ದಿನ ನಿಂತರೆ ಟ್ಯೂಬು ತೆಗೆಯುತ್ತೇವೆ ಎಂದಿದ್ದಾರೆ ಡಾಕ್ಟರು. ಇಷ್ಟು ವರ್ಷ ಲೆಕ್ಕ ಏರಲೆಂದು ಬೇಡಿದವಳು ಈಗ ಇಳಿಯಲೆಂದು ದಿನಾ ಎರಡು ಹೊತ್ತು ಕೇಳುತ್ತಾಳೆ: “ಎಷ್ಟಾಯ್ತು?”

ಒಂಬತ್ತನೇ ದಿನ ಎದೆಯದು ಎರಡು ಹೊತ್ತೂ ಸೇರಿ 24. ಹತ್ತನೇ ದಿನ 22, ಬಣ್ಣ ಒಣಹುಲ್ಲಿನ ಹಳದಿ.

ಹನ್ನೊಂದನೇ ದಿನ ಆಸ್ಪತ್ರೆಯಲ್ಲಿ ಹೊಲಿಗೆ ಕತ್ತರಿಸಿ “ಉಸಿರು ಎಳ್ಕೊಳ್ಳಿ, ಬಿಡಿ” ಅನ್ನುತ್ತಾರೆ. ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಾಳೆ. ಟ್ಯೂಬು ಜಾರಿ ಬರುತ್ತದೆ. ತುದಿಗೆ ಸಾಲು ಸಾಲು ತೂತು, ಗೇಣಿಗಿಂತ ಉದ್ದ.

“ಇಷ್ಟುದ್ದ ಇತ್ತೇನೇ ಒಳಗೆ?”

ಕಂಕುಳದ್ದು ಇನ್ನೂ 70ರಲ್ಲಿದೆ, ಅದು ಇರಲಿ ಎಂದರು. ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು, ಹಗುರಾದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟೆ ಕೇಳುತ್ತಾಳೆ. ಆರಕ್ಕೆ ಮನೆ ಸೇರಿದರೆ ಅಳತೆಯ ಹೊತ್ತು ತಪ್ಪುವುದಿಲ್ಲ.