ಬೆಳ್ಳಿ ತುಂಬಿಸುತ್ತಿದ್ದ ಕಾಲ

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ನಾನು ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ಹುಳುಕು ಹಲ್ಲಿಗೆ ಬೆಳ್ಳಿ ತುಂಬಿಸುವುದು ಸಂಪೂರ್ಣವಾಗಿ ಹಸ್ತಕೌಶಲದ ವಿದ್ಯೆಯಾಗಿತ್ತು. ಬೆಳ್ಳಿ, ತವರ, ತಾಮ್ರಗಳ ಮಿಶ್ರಲೋಹದ ಪುಡಿಯನ್ನು ಗಾಜಿನ ಕಲ್ವದಲ್ಲಿ ಪಾದರಸದೊಡನೆ ಬೆರೆಸಿ, ಅದು ಒರಟುತನವನ್ನು ತೊರೆದು ಬೆಣ್ಣೆಯಂತೆ ನುಣುಪಾಗುವವರೆಗೆ ಅರೆದು, ತೆಳುಬಟ್ಟೆಯಲ್ಲಿ ಹಿಂಡಿ, ಮಿಕ್ಕ ಪಾದರಸವನ್ನು ಹೊರಗೆಡಹುತ್ತಿದ್ದೆವು. ಬೆರಳ ಸಂದಿನಿಂದ ಜಾರಿದ ಹನಿಗಳು ನೆಲದ ಬಿರುಕುಗಳಲ್ಲಿ ಅಡಗುತ್ತಿದ್ದುವು. ಅವುಗಳಿಂದ ಏಳುವ ಅದೃಶ್ಯವಾದ ಆವಿಯನ್ನು ಕುರಿತು ಆಗ ನಮ್ಮ ನಡುವೆ ಯಾರೂ ಚಿಂತಿಸಿದವರಲ್ಲ.

ಆ ಲೋಹವನ್ನು ಇಂದು ಹಳಿಯುವವರು ಅದರ ಉಪಕಾರವನ್ನೂ ಸ್ಮರಿಸಬೇಕು. ತೂಕದಲ್ಲಿ ಅರ್ಧದಷ್ಟು ಪಾದರಸವೇ ಆಗಿದ್ದರೂ, ಅದು ಅಗ್ಗವಾಗಿತ್ತು, ಜೊಲ್ಲಿನ ತೇವವನ್ನು ಸಹಿಸುತ್ತಿತ್ತು, ಜೋಳದ ರೊಟ್ಟಿಯನ್ನು ಅಗಿಯುವ ದವಡೆಗಳಲ್ಲಿ ದಶಕಗಳ ಕಾಲ ನಿಲ್ಲುತ್ತಿತ್ತು. ಆದರೆ ಲೋಹವು ಹಲ್ಲಿಗೆ ಅಂಟಿಕೊಳ್ಳದು, ಆದುದರಿಂದ ದಂತವೈದ್ಯ ಜಿ. ವಿ. ಬ್ಲ್ಯಾಕ್ ಅವರ ನಿಯಮಗಳಂತೆ ಕುಳಿಯನ್ನು ತಳದಲ್ಲಿ ಅಗಲವಾಗಿಯೂ ಬಾಯಲ್ಲಿ ಕಿರಿದಾಗಿಯೂ ಕೊರೆದು, ಅದು ಕಳಚದಂತೆ ಹಿಡಿಯುವುದಕ್ಕಾಗಿ ಆರೋಗ್ಯವಂತ ಹಲ್ಲನ್ನೂ ಬಲಿಕೊಡಬೇಕಾಗಿತ್ತು. ನನ್ನ ಮಟ್ಟಿಗೆ ಅದರ ಅತ್ಯಂತ ದೊಡ್ಡ ದೋಷ ಇದೇ.

1955ರಲ್ಲಿ ಬ್ಯೂನೊಕೋರ್ ಅವರು ಎನಾಮಲನ್ನು ಆಮ್ಲದಿಂದ ಒರಟುಗೊಳಿಸಿ ರಾಳವನ್ನು ಅಂಟಿಸುವ ಮಾರ್ಗವನ್ನು ತೋರಿಸಿದರು. ಮುಂದೆ ಬೋವೆನ್ ಅವರು ಗಾಜಿನ ಕಣಗಳನ್ನು ಹೊತ್ತ ಸಂಯುಕ್ತ ರಾಳವನ್ನು ರೂಪಿಸಿದರು. 1972ರಲ್ಲಿ ವಿಲ್ಸನ್ ಮತ್ತು ಕೆಂಟ್ ಅವರು ಹಲ್ಲಿನ ಕ್ಯಾಲ್ಸಿಯಮ್ಮಿನೊಡನೆ ತಾನೇ ಬೆಸೆಯುವ, ಫ್ಲೋರೈಡನ್ನು ಸ್ರವಿಸುವ ಗ್ಲಾಸ್ ಅಯೊನೊಮರನ್ನು ಪ್ರಕಟಿಸಿದರು. ರಾಳವನ್ನು ಗಟ್ಟಿಗೊಳಿಸುವ ನೀಲಿ ಬೆಳಕಿನ ದೀಪ ನಮ್ಮ ಚಿಕಿತ್ಸಾಲಯವನ್ನು ಸೇರಿದ ಮೇಲೆ ಕಲ್ವವು ಕಪಾಟಿನ ಪಾಲಾಯಿತು. ಹಲ್ಲನ್ನು ಒಣಗಿಸಿ, ರಬ್ಬರಿನ ಹಾಳೆಯಿಂದ ಪ್ರತ್ಯೇಕಿಸಿ, ಪದರಪದರವಾಗಿ ತುಂಬುವ ತಾಳ್ಮೆಯೇ ಹೊಸ ಕೌಶಲವಾಯಿತು.

ಅಷ್ಟರಲ್ಲಿ ರೋಗಿಗಳೂ ಬದಲಾಗಿದ್ದರು. ‘ದೇಹಕ್ಕೆ ಒಗ್ಗುವುದನ್ನೇ ಹಾಕಿ, ಹಳೆಯದನ್ನೆಲ್ಲ ತೆಗೆದುಬಿಡಿ’ ಎಂದು ಕೇಳುವವರಿಗೆ ನಾನು ಹೇಳುತ್ತಿದ್ದುದು ಇಷ್ಟು: ಸಂಪೂರ್ಣ ನಿರ್ದೋಷವಾದ ವಸ್ತು ಯಾವುದೂ ಇಲ್ಲ. ಸರಿಯಾಗಿ ಗಟ್ಟಿಯಾಗದ ರಾಳವೂ ಹಲ್ಲಿನ ಒಳತಿರುಳನ್ನು ಕೆರಳಿಸಬಲ್ಲುದು, ಕೆಲವರಿಗೆ ಒಗ್ಗದೆಯೂ ಹೋಗಬಹುದು. ಬಿರುಕಿಲ್ಲದೆ, ಅಂಚು ಸಡಿಲದೆ ನಿಂತಿರುವ ಹಳೆಯ ಲೋಹವನ್ನು ಕೇವಲ ಭಯದಿಂದ ಕೊರೆದರೆ, ಸುಮ್ಮನಿದ್ದ ಪಾದರಸವೇ ಆವಿಯಾಗಿ ಏಳುತ್ತದೆ. ಆದರೆ ತೆಗೆಯಲೇಬೇಕಾದ ಸಂದರ್ಭಗಳನ್ನೂ ಕಂಡಿದ್ದೇನೆ. ಲೋಹಕ್ಕೆ ತಾಗಿದ ಕೆನ್ನೆಯೊಳಗೆ ಬಿಳಿಯ ಜಾಲದಂಥ ಗೆರೆಗಳು ಮೂಡಿ ಉರಿಯಿಂದ ಕಂಗೆಟ್ಟಿದ್ದ ಒಬ್ಬ ಗೃಹಿಣಿಗೆ, ನೀರನ್ನು ಸಿಂಪಡಿಸುತ್ತ, ಹೀರುನಳಿಗೆಯನ್ನು ಹತ್ತಿರವೇ ಹಿಡಿಸಿ, ಲೋಹವನ್ನು ಪುಡಿಮಾಡದೆ ತುಂಡುತುಂಡಾಗಿ ಬಿಡಿಸಿ, ಪಿಂಗಾಣಿಯನ್ನು ಕೂಡಿಸಿದ ಮೇಲೆ, ಕೆಲವು ತಿಂಗಳುಗಳಲ್ಲಿ ಆ ಗೆರೆಗಳು ಮಾಸಿದುವು.

ಪಾದರಸದ ಮೇಲಣ ಮಿನಮಾಟ ಒಪ್ಪಂದವು 2017ರಲ್ಲಿ ಜಾರಿಗೆ ಬಂದು, 2022ರ ತಿದ್ದುಪಡಿಯಲ್ಲಿ ಹದಿನೈದು ವರ್ಷದೊಳಗಿನವರಿಗೂ ಗರ್ಭಿಣಿಯರಿಗೂ ಹಾಲೂಡುವ ತಾಯಂದಿರಿಗೂ ಈ ಬೆಳ್ಳಿ-ಪಾದರಸದ ಮಿಶ್ರಣವನ್ನು, ವೈದ್ಯರು ಅಗತ್ಯವೆಂದು ಭಾವಿಸಿದ ಹೊರತು, ಬಳಸಬಾರದೆಂಬ ಕಟ್ಟಳೆಯನ್ನು ಸೇರಿಸಿತು. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಬಾಯಿಂದ ತೆಗೆದ ತುಣುಕುಗಳನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಶೇಖರಿಸದೆ ಬಚ್ಚಲಿಗೆ ತೊಳೆದುಬಿಟ್ಟರೆ ಅದೇ ಪಾದರಸ ಕೆರೆಗೂ ಮೀನಿಗೂ ಸೇರುತ್ತದೆ; ಆದುದರಿಂದ ಹಲ್ಲಿಗೆ ಹೊಸ ವಸ್ತುವನ್ನು ಆರಿಸುವಾಗಲೇ ಹಳೆಯದು ಎಲ್ಲಿಗೆ ಹೋಗುವುದೆಂದು ವೈದ್ಯರನ್ನು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಉಂಟು.