ಮೈನ್‌ಕ್ರಾಫ್ಟಿನ ಮನುಷ್ಯ, ಕಮಲಾಪುರದ ಲಾರಿ

ಎಳ್ಳಮವಾಸ್ಯೆಗೆ ಎರಡು ದಿನ ಇರುವಾಗ ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಜಗಳ ಹುಟ್ಟಿತು. ಜಗಳ ನನಗೂ ಏಳನೇ ಇಯತ್ತೆ ಓದುವ ಮೊಮ್ಮಗನಿಗೂ. ನಾನು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದೆ. ಅವನು ಟ್ಯಾಬ್ ಹಿಡಿದು ಮೈನ್‌ಕ್ರಾಫ್ಟ್ ಆಡುತ್ತಿದ್ದ.

"ಮುತ್ಯಾ, ನಮ್ ಮನಷಾ ಸುಮ್ನ ನಡದ್ರ ಸಾಕು, ನಿನ್ ಬಸ್ಸಿಗೆ ಹಿಂದ ಹಾಕ್ತಾನ" ಎಂದ.

ಮೂವತ್ತು ವರ್ಷ ಬಸ್ಸು ಓಡಿಸಿದವನ ಮುಂದೆ ಆಡುವ ಮಾತೇ ಇದು? "ಬಾಯಿ ಲೆಕ್ಕ ಬ್ಯಾಡ. ಅಳದು ತೋರಿಸು" ಎಂದೆ.

"ಆಟದಾಗ ಹ್ಯಾಂಗ ಅಳೀಬೇಕು? ಅಲ್ಲಿ ಮೀಟರ್ ಎಲ್ಲದ?"

ಬಸ್ಸಿನಲ್ಲಿ ಮಾತ್ರ ಎಲ್ಲಿತ್ತು! ನಾನು ಓಡಿಸಿದ ಎಷ್ಟೋ ಗಾಡಿಗಳಲ್ಲಿ ಮೀಟರಿನ ಮುಳ್ಳು ಸತ್ತ ನೊಣದ ಹಾಗೆ ಸೊನ್ನೆಯ ಮೇಲೆ ಬಿದ್ದಿರುತ್ತಿತ್ತು. ಆಗ ನಮಗೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲೇ ಮೀಟರು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟು ಸೆಕೆಂಡು ಹಿಡಿಯಿತೋ ಅದರಿಂದ 3600ನ್ನು ಭಾಗಿಸಿದರೆ ವೇಗ ಬರುತ್ತದೆ. 60 ಸೆಕೆಂಡಾದರೆ ಗಂಟೆಗೆ 60 ಕಿಲೋಮೀಟರ್, 72 ಸೆಕೆಂಡಾದರೆ 50. "ನಿನ್ನ ಆಟದಾಗೂ ಕಲ್ಲು ನೆಡು" ಎಂದೆ.

ನನ್ನ ವಯಸ್ಸಿನವರಿಗಾಗಿ ಈ ಆಟದ ಬಗ್ಗೆ ಎರಡು ಮಾತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ ಹುಟ್ಟುಹಾಕಿದ ಆಟ ಇದು, ಪೂರ್ಣ ರೂಪದಲ್ಲಿ ಹೊರಬಂದದ್ದು 2011ರಲ್ಲಿ. ಅಲ್ಲಿ ನೆಲ, ಮರ, ಗುಡ್ಡ ಎಲ್ಲವೂ ದಾಳದಂಥ ಬ್ಲಾಕುಗಳಿಂದ ಆದವು. ಒಂದು ಬ್ಲಾಕಿನ ಬದಿ ಒಂದು ಮೀಟರ್ ಎಂದು ಲೆಕ್ಕ. ನಾನು ಅದನ್ನೂ ಕಣ್ಣು ಮುಚ್ಚಿ ನಂಬಲಿಲ್ಲ. ಆಟದ ಮನುಷ್ಯನ ಎತ್ತರ 1.8 ಬ್ಲಾಕು. ಬ್ಲಾಕು ಒಂದು ಮೀಟರ್ ಆದರೆ ಅವನು ಆರಡಿಗೆ ಒಂದಂಗುಲ ಕಮ್ಮಿ. ಮನುಷ್ಯನಿಗೆ ಒಪ್ಪುವ ಎತ್ತರವೇ. ಸರಿ ಅಂದುಕೊಂಡೆ.

ಹುಡುಗ ಸಮತಟ್ಟಾದ ನೆಲದಲ್ಲಿ ನೂರು ಬ್ಲಾಕು ಸಾಲಾಗಿ ಇಟ್ಟ, ಹತ್ತಕ್ಕೊಂದು ಕೆಂಪು. ನಾನು ಕೈಗಡಿಯಾರ ಹಿಡಿದೆ. ಮೂರು ಸಲ ನಡೆಸಿದೆವು: 23 ಸೆಕೆಂಡು, 23, 23ರ ಮೇಲೆ ಚೂರು. ಓಡಿಸಿದಾಗ 18ಕ್ಕೆ ತುಸು ಕಮ್ಮಿ. ಈ ಆಟದಲ್ಲಿ ಪಳಗಿದವರು ಸೂಕ್ಷ್ಮವಾಗಿ ಅಳೆದು ಒಪ್ಪಿದ ಅಂಕಿ, ನಡಿಗೆಗೆ ಸೆಕೆಂಡಿಗೆ 4.317 ಮೀಟರ್, ಓಟಕ್ಕೆ 5.612 ಮೀಟರ್. ನಮ್ಮ ಹಳೇ ಗಡಿಯಾರ ಮಾನ ಉಳಿಸಿತ್ತು.

ಗಂಟೆಯ ಲೆಕ್ಕದಲ್ಲಿ ನಡಿಗೆ ಹದಿನೈದೂವರೆ ಕಿಲೋಮೀಟರ್, ಓಟ 20. ನನ್ನ ಬಸ್ಸು ಗೆದ್ದಿತು. ಹುಡುಗನ ಮುಖ ಸಣ್ಣದಾಯಿತು. ಆದರೂ ಒಂದು ಮಾತು ಒಪ್ಪಲೇಬೇಕು. ಗಂಟೆಗೆ ಹದಿನೈದೂವರೆ ಕಿಲೋಮೀಟರ್ ಹೋಗುವುದನ್ನು ನಮ್ಮ ಲೋಕದಲ್ಲಿ ಯಾರೂ ನಡಿಗೆ ಅನ್ನುವುದಿಲ್ಲ, ಓಟ ಅನ್ನುತ್ತಾರೆ. ಇನ್ನೊಂದು ಸಂಗತಿ ನನಗೆ ಭಾಳ ಹಿಡಿಸಿತು. ಆ ಲೋಕ ಸೆಕೆಂಡಿಗೆ 20 ಸಲ ಮುಂದಕ್ಕೆ ಜರುಗುತ್ತದಂತೆ. ಅಂದರೆ ನಡೆಯುವ ಮನುಷ್ಯ ಒಂದು ಸಲಕ್ಕೆ ಸಾಗುವುದು 21 ಸೆಂಟಿಮೀಟರ್ ಚಿಲ್ಲರೆ, ಹೆಚ್ಚುಕಡಿಮೆ ಒಂದು ಗೇಣು. ಗೇಣು ಗೇಣು ಜರುಗಿ ಜರುಗಿ ಅವನು ನಡೆದಂತೆ ಕಾಣುತ್ತಾನೆ.

ಮರುದಿನ ಬೆಳಿಗ್ಗೆ ಅಪ್ಪನ ಕೆರೆಯ ದಂಡೆಗೆ ಹೋದೆವು. ವಾಯುವಿಹಾರದವರು ನಮ್ಮನ್ನು ರಸ್ತೆ ಅಗಲ ಮಾಡಲು ಬಂದವರು ಅಂದುಕೊಂಡಿರಬೇಕು, ಯಾಕೆಂದರೆ ನಾವು ಟೇಪು ಹಿಡಿದು ನೂರು ಮೀಟರ್ ಗುರುತು ಮಾಡುತ್ತಿದ್ದೆವು. ಹುಡುಗ ನಡೆದಾಗ 75 ಸೆಕೆಂಡು. ನಾನು ನಡೆದಾಗ 100 ಸೆಕೆಂಡು. ಸೆಕೆಂಡಿಗೆ ಒಂದೇ ಮೀಟರ್! ಲೆಕ್ಕ ಮಾಡಲು ಸುಲಭವಾದ ಮುದುಕ ನಾನು. ಕಡೆಗೆ ಹುಡುಗ ಚಪ್ಪಲಿ ಬಿಟ್ಟು, ಉಸಿರು ಬಿಗಿಹಿಡಿದು ಓಡಿದ. 18 ಸೆಕೆಂಡು. ಗಡಿಯಾರವನ್ನು ಅವನ ಮುಖದ ಮುಂದೆ ಹಿಡಿದೆ. ಟ್ಯಾಬಿನ ಮನುಷ್ಯನೂ ಅವನೂ ಸಮಸಮ. ತಾನು ದಿನಾ ಬೆರಳಲ್ಲಿ ಓಡಿಸುವವನಷ್ಟೇ ಜೋರಾಗಿ ತನ್ನ ಕಾಲೂ ಓಡುತ್ತದೆ ಎಂದು ಅವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಇಷ್ಟೇ ದೂರವನ್ನು 9.58 ಸೆಕೆಂಡಿನಲ್ಲಿ ಓಡಿದ್ದನ್ನು ನಾನು ಆ ಹೊತ್ತಿಗೆ ಹೇಳಲಿಲ್ಲ. ಖುಷಿಯಾಗಿದ್ದ, ಇರಲಿ ಬಿಡಿ.

ಹತ್ತಿರದಲ್ಲೇ ಬಹಮನಿ ಕೋಟೆ. ಟೇಪು ಕೈಯಲ್ಲಿದ್ದ ಮೇಲೆ ತೋಪು ನೋಡದೆ ಬರುವುದುಂಟೇ? ಅಲ್ಲಿಯ ದೊಡ್ಡ ತೋಪಿಗೆ ಬಾರಾ ಗಜಿ ತೋಪು ಎಂದೇ ಹೆಸರು. ಬಾರಾ ಗಜ ಅಂದರೆ ಹನ್ನೆರಡು ಗಜ. ಅಳತೆಯನ್ನೇ ಹೆಸರು ಮಾಡಿಕೊಂಡ ತೋಪು ಅದು. ಉದ್ದ 29 ಅಡಿ ಎಂದು ಹೇಳುತ್ತಾರೆ. ಹುಡುಗ ಅಲ್ಲೇ ನಿಂತು ಬೆರಳು ಮಡಚಿದ. "ಮುತ್ಯಾ, ಗಜಕ್ಕ ಮೂರು ಅಡಿ. ಹನ್ನೆರಡು ಗಜ ಅಂದ್ರ 36 ಅಡಿ ಆಗಬೇಕಲ್ಲ?" ಒಳ್ಳೆಯ ಪ್ರಶ್ನೆ. ಮೂರಡಿಯ ಗಜ ನಮ್ಮ ಬಟ್ಟೆ ಅಂಗಡಿಯದು. ಹಿಂದಿನ ಕಾಲದಲ್ಲಿ ಗಜದ ಕೋಲು ಊರಿಂದೂರಿಗೆ, ದೊರೆಯಿಂದ ದೊರೆಗೆ ಬದಲಾಗುತ್ತಿತ್ತು. 29 ಅಡಿಯಲ್ಲಿ ಹನ್ನೆರಡು ಗಜ ಹಿಡಿಸಬೇಕಾದರೆ ಒಂದು ಗಜ 29 ಅಂಗುಲವಿರಬೇಕು. ಯಾರ ಕೋಲು ಎಂದು ಕೇಳದೆ ಅಳತೆ ಒಪ್ಪಬಾರದು ಎಂದೆ. ಅವನು ಆ ಮಾತನ್ನು ಸುಮ್ಮನೆ ಕೇಳಿಸಿಕೊಂಡ. ಮರುದಿನ ಅದನ್ನೇ ನನ್ನ ಮೇಲೆ ತಿರುಗಿಸಿದ.

ಎಳ್ಳಮವಾಸ್ಯೆಯ ದಿನ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆವು. ಕಮಲಾಪುರ ನನ್ನ ಹುಟ್ಟೂರು, ಸುಮಾರು 35 ಕಿಲೋಮೀಟರ್. ನನ್ನ ತಂಗಿಯ ಹೊಲದಲ್ಲಿ ಚರಗ ಚೆಲ್ಲಿ ಊಟ. ಊರು ದಾಟಿದ ಮೇಲೆ ಎರಡೂ ಬದಿ ತೊಗರಿ, ಜೋಳ. ಹುಡುಗ ಕಿಟಕಿ ಪಕ್ಕ ಕೂತು ಹಳದಿ ತಲೆಯ ಕಲ್ಲುಗಳನ್ನು ಹಿಡಿದ. ಒಂದು ಕಿಲೋಮೀಟರಿಗೆ 64 ಸೆಕೆಂಡು, ಅಂದರೆ ಗಂಟೆಗೆ 56. ಆಮೇಲೆ 52 ಸೆಕೆಂಡು, ಅಂದರೆ 69. ನನಗೆ ಚಾಲಕನ ಬಲಗಾಲು ಕಂಡಂತಾಯಿತು.

"ಆದ್ರ ಮುತ್ಯಾ, 69 ಅಂದ್ರೂ ಏನೂ ಅನ್ನಸವಲ್ದು. ಆಟದಾಗ 20ಕ್ಕೇ ಗಾಳಿ ಹೊಡದಂಗ ಅನಸ್ತದ."

ಕಿಟಕಿಯ ಹೊರಗೆ ನೋಡು ಎಂದೆ. ರಸ್ತೆ ಅಂಚಿನ ಬೇವಿನ ಮರಗಳು ಹಿಂದಕ್ಕೆ ಧಾವಿಸುತ್ತಿದ್ದವು. ಹೊಲದ ನಡುವಿನ ಬಾವಿ ನಿಧಾನಕ್ಕೆ ಸರಿಯುತ್ತಿತ್ತು. ದೂರದ ದಿಬ್ಬ ನಮ್ಮ ಜೊತೆಗೇ ಬರುತ್ತಿತ್ತು. ಕಣ್ಣು ವೇಗವನ್ನು ಅಳೆಯುವುದು ಹತ್ತಿರದ ವಸ್ತುವಿನಿಂದ. ಆಟ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಮೈನ್‌ಕ್ರಾಫ್ಟಿನಲ್ಲಿ ಓಟ ಶುರುವಾದ ಕೂಡಲೇ ನೋಟದ ಅಗಲ ತಾನಾಗಿ ಹಿಗ್ಗುತ್ತದೆ. ಅಂಚಿನ ಮರ, ಕಲ್ಲು ಪಕ್ಕಕ್ಕೆ ಚಿಮ್ಮಿದಂತೆ ಕಾಣುತ್ತವೆ. ನಡಿಗೆಗಿಂತ ಓಟ ಸೆಕೆಂಡಿಗೆ ಒಂದೂಕಾಲು ಮೀಟರ್ ಜಾಸ್ತಿ, ಅಷ್ಟೇ. ಕಣ್ಣಿಗೆ ಮಾತ್ರ ದುಪ್ಪಟ್ಟು.

ಆಮೇಲೆ ನಾನು ನಮ್ಮಪ್ಪನ ಕಥೆ ತೆಗೆದೆ. ಬೆಳ್ಳಿ ಚುಕ್ಕಿ ಮೂಡುವಾಗ ಕಮಲಾಪುರ ಬಿಟ್ಟರೆ, ತಲೆಗೆ ರುಮಾಲು, ಕಂಕುಳಲ್ಲಿ ರೊಟ್ಟಿ ಗಂಟು, ಮಧ್ಯಾಹ್ನದ ಹೊತ್ತಿಗೆ ಕಲಬುರಗಿ ಸೇರುತ್ತಿದ್ದ. ಅವನ ಬಾಯಲ್ಲಿ ಕಿಲೋಮೀಟರ್ ಇರಲಿಲ್ಲ. ಹರದಾರಿ, ಕೂಗಳತೆ, ಇಷ್ಟೇ. "ನಿನ್ ಆಟದ ಮನಷಾ ಆದ್ರ?" ಎಂದು ಕೆಣಕಿದೆ.

ಹುಡುಗ ಟಿಕೆಟಿನ ಹಿಂಬದಿಯಲ್ಲಿ ಗೀಚಿದ. 35 ಸಾವಿರ ಮೀಟರನ್ನು 4.3ರಿಂದ ಭಾಗಿಸಿದರೆ 8,140 ಸೆಕೆಂಡು, ಅಂದರೆ ಎರಡೂಕಾಲು ಗಂಟೆ. "ಮುತ್ಯಾನ ಅಪ್ಪ ಸೋತ!" ಎಂದು ಕೈ ಎತ್ತಿದವನು ಹಾಗೇ ಸುಮ್ಮನಾದ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಅಂದ: "ಯಾರ ಗಡಿಯಾರ ಅಂತ ಕೇಳ್ಬೇಕಲ್ಲ?" ಆ ಲೋಕದಲ್ಲಿ ಸೂರ್ಯ ಮೂಡಿ, ಮುಳುಗಿ, ಮತ್ತೆ ಮೂಡಲು ಹಿಡಿಯುವುದು 20 ನಿಮಿಷ. ನಮ್ಮದಕ್ಕಿಂತ 72 ಪಟ್ಟು ಅವಸರದ ಸೂರ್ಯ. ಎರಡೂಕಾಲು ಗಂಟೆಯಲ್ಲಿ ಅಲ್ಲಿ ಏಳು ದಿನಕ್ಕೆ ತುಸು ಕಮ್ಮಿ ಕಾಲ ಕಳೆದಿರುತ್ತದೆ! ಅವರ ಒಂದು ಗಂಟೆ ನಮ್ಮ 50 ಸೆಕೆಂಡು. ಅಷ್ಟರಲ್ಲಿ ಅವನು ಹೋಗುವುದು 215 ಮೀಟರ್. ಆಮೆಗೂ ಅವನಿಗೂ ಪಂದ್ಯ ಇಡಬಹುದು. ಸೂರ್ಯನನ್ನು ನೋಡಿ ನಡೆದ ನಮ್ಮಪ್ಪ ಅವನಿಗಿಂತ ಆರು ದಿನ ಮೊದಲೇ ಸಂತೆ ಮುಗಿಸಿ ಮನೆಗೆ ಬಂದಿರುತ್ತಾನೆ.

ಈ ಗೆಲುವಿನಲ್ಲಿ ಮೈಮರೆತು ನಾವು ಕಮಲಾಪುರದ ಹೊರಗೆ ಹೆದ್ದಾರಿ ಬದಿಯಲ್ಲಿ ಇಳಿದೆವು. ತಂಗಿಯ ಹೊಲ ರಸ್ತೆಯಾಚೆ. ಹುಮನಾಬಾದ್ ಕಡೆಯಿಂದ ಒಂದು ಲಾರಿ ಬರುತ್ತಿತ್ತು.

"ಭಾಳ ದೂರ ಅದ, ಬಾ ಮುತ್ಯಾ" ಎಂದು ಹುಡುಗ ಕಾಲಿಟ್ಟೇ ಬಿಟ್ಟ. ನಾನು ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. ಒಂದು ಗುಂಡಿ ಕಿತ್ತು ಬಂತು. ಲಾರಿ ನಮ್ಮ ಮುಂದೆ ಹಾದುಹೋಯಿತು, ಅದರ ಗಾಳಿಗೆ ನನ್ನ ಟೋಪಿ ಹಾರಿತು.

ನಾನು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ ಅನ್ನುವುದೇ ನಿಜ. ಬಹಳ ವರ್ಷದ ಹಿಂದೆ ಇಂಥದೇ ವಯಸ್ಸಿನ ಹುಡುಗನೊಬ್ಬ ನನ್ನ ಬಸ್ಸಿಗೆ ಅಡ್ಡ ಓಡಿದ್ದ. ವೇಗ 60 ಇದ್ದಿರಬೇಕು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲೇ ಬಸ್ಸು 16 ಮೀಟರಿಗೂ ಹೆಚ್ಚು ಹೋಗಿರುತ್ತದೆ. ಗಾಡಿ ನಿಂತಾಗ ಬಂಪರಿಗೂ ಅವನ ಪಾಟಿಚೀಲಕ್ಕೂ ನಡುವೆ ಒಂದು ಮೊಳ ಉಳಿದಿತ್ತು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ರಸ್ತೆ ಬದಿಯಲ್ಲಿ ಗುಂಡಿ ಹುಡುಕುತ್ತ ಮೊಮ್ಮಗನಿಗೆ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳಿಯೋಣ" ಎಂದ.

ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ಇರುತ್ತದೆ. ನಾವು ಒಂದರ ಪಕ್ಕದಲ್ಲೇ ನಿಂತಿದ್ದೆವು, ಇನ್ನೊಂದು ಮುಂದೆ ಬೆಳ್ಳಗೆ ಕಾಣುತ್ತಿತ್ತು. ಬೇವಿನ ನೆರಳಲ್ಲಿ ಅರ್ಧ ಗಂಟೆ ಕೂತು ಲಾರಿಗಳನ್ನು ಹಿಡಿದೆವು. ಕೆಲವು 12 ಸೆಕೆಂಡು, ಕೆಲವು 9, ಬಹಳಷ್ಟು 10. ಹತ್ತು ಸೆಕೆಂಡಿಗೆ 200 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್. ಪಕ್ಕದಿಂದ ನೋಡಿದರೆ ಜೋರು ಗೊತ್ತಾಗುತ್ತದೆ. ಎದುರಿಗೆ ನೇರ ಬರುವ ಗಾಡಿ ಮಾತ್ರ ಕಣ್ಣಿಗೆ ಓಡುವುದೇ ಇಲ್ಲ, ನಿಂತಲ್ಲೇ ಬೆಳೆಯುತ್ತದೆ. ದೂರದಲ್ಲಿರುವಾಗ ಬೆಳೆದದ್ದೇ ತಿಳಿಯದು, ಹತ್ತಿರ ಬಂದ ಮೇಲೆ ಒಮ್ಮೆಲೇ ಗೋಡೆಯಷ್ಟಾಗುತ್ತದೆ. ಆಟದಲ್ಲಿ ಹುಡುಗ ಯಾವಾಗಲೂ ಓಡುವವನ ಕಣ್ಣಿನಿಂದ ನೋಡಿದವನು, ಎದುರಿಗೆ ನಿಂತವನ ಕಣ್ಣಿನಿಂದಲ್ಲ.

ಗಾಡಿ ಇಲ್ಲದ ಹೊತ್ತು ನೋಡಿ ರಸ್ತೆಯ ಅಗಲವನ್ನೂ ಅಳೆದೆವು. ಅಂಚಿನ ಮಣ್ಣೂ ಸೇರಿ 11 ಮೀಟರ್. ಕೆರೆ ದಂಡೆಯ ಲೆಕ್ಕ ಹೊರಬಂತು. ಅವನ ನಡಿಗೆಗೆ 8 ಸೆಕೆಂಡು, ನನ್ನದಕ್ಕೆ 11. ಸಣ್ಣ ಕಲ್ಲಿನ ಹತ್ತಿರ ಲಾರಿ ಇದ್ದಾಗ ಅವನು ಹೊರಟರೆ ಎರಡು ಸೆಕೆಂಡಿನಲ್ಲಿ ಬಚಾವು. ನಾನು ಹೊರಟರೆ ಇಲ್ಲ. ಅವನು ಈ ಎರಡು ಅಂಕಿಗಳನ್ನು ಟಿಕೆಟಿನ ಮೇಲೆ ಪಕ್ಕಪಕ್ಕ ಬರೆದು ಬಹಳ ಹೊತ್ತು ನೋಡಿದ.

ಹೊಲದ ಊಟದ ಬಗ್ಗೆ ಬರೆದರೆ ಬೇರೆಯದೇ ಲೇಖನವಾದೀತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆ ಅಂಬಲಿ. ಊಟವಾದ ಮೇಲೆ ತಂಗಿಯ ಮಗ ಬಾಳೆತೋಟ ತೋರಿಸಿದ. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಸಿಪ್ಪೆ ಕಂದುಗೆಂಪು, ದಪ್ಪ ಹಣ್ಣು, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ನೆಟ್ಟು ಗೊನೆ ಕೊಯ್ಯಲು ಒಂದೂವರೆ ವರ್ಷ. "ಆಟದ ಸೂರ್ಯ ಆದ್ರ ಏಳೂವರೆ ದಿನ" ಎಂದು ಹುಡುಗ ಹಣ್ಣು ಬಾಯಲ್ಲಿಟ್ಟುಕೊಂಡೇ ಹೇಳಿದ. ತಂಗಿಯ ಮಗನಿಗೆ ತಿಳಿಯಲಿಲ್ಲ, ನಾವೂ ಬಿಡಿಸಿ ಹೇಳಲಿಲ್ಲ.

ಸಂಜೆ ಹಣ್ಣಿನ ಚೀಲ ಹಿಡಿದು ಮತ್ತೆ ರಸ್ತೆಗೆ ಬಂದೆವು. ಲಾರಿಯೊಂದು ಸಣ್ಣ ಕಲ್ಲಿನಾಚೆ ಕಾಣಿಸಿತು. ಹುಡುಗ ನನ್ನ ಮಣಿಕಟ್ಟು ಹಿಡಿದ.

"ನಂಗ ಎಂಟು ಸಾಕು. ನಿಂಗ ಹನ್ನೊಂದು ಬೇಕು. ನಿಲ್ಲು."

ಆ ಲಾರಿ ಹೋಯಿತು. ಅದರ ಹಿಂದೆ ಒಂದು ಕಾರು, ಆಮೇಲೆ ಇನ್ನೊಂದು ಲಾರಿ. ಕಡೆಗೆ ದೂರದಲ್ಲಿ ತೊಗರಿ ಚೀಲ ಹೇರಿದ ಟ್ರ್ಯಾಕ್ಟರೊಂದೇ ಉಳಿಯಿತು. ಅವನು ಎರಡೂ ಕಡೆ ನೋಡಿ, "ಈಗ ನಡಿ ಮುತ್ಯಾ, ಅವಸರ ಮಾಡಬ್ಯಾಡ" ಎಂದು ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಗಟ್ಟಿಯಾಗಿ ಎಣಿಸತೊಡಗಿದ. ಆಚೆ ಬದಿಯ ಮಣ್ಣಿನ ಮೇಲೆ ಕಾಲಿಟ್ಟಾಗ ಅವನ ಎಣಿಕೆ ಹನ್ನೆರಡಕ್ಕೆ ಬಂದಿತ್ತು. ಮಂಡಿ ಒಂದು ಸೆಕೆಂಡು ತಿಂದಿತ್ತು. ಅವನು ಟಿಕೆಟು ತೆಗೆದು ನನ್ನ ಅಂಕಿಯನ್ನು ತಿದ್ದಿದ.